ಆಯಿ ಹೇಳಿದ ಪ್ಲೇಗು, ಮಾಯವಾದ ಫೈಲು: ಪುಕ್ಕಟೆ ಹಾಳೆಯ ಒಂದು ಚರಿತ್ರೆ

ಇವತ್ತು ರಾಜರ ಕಥೆ ಇಲ್ಲ, ಕೋಟೆಯ ಕಥೆ ಇಲ್ಲ. ನಿಮ್ಮ ಫೋನಿನಲ್ಲೇ ಎಲ್ಲೋ ಒಂದು ಮೂಲೆಯಲ್ಲಿ ಕೂತಿರುವ ನೀಲಿ ಐಕಾನಿನ ಕಥೆ. ಗೂಗಲ್ ಡಾಕ್ಸ್. ಅದರ ಪಕ್ಕದ ಬಣ್ಣಬಣ್ಣದ ತ್ರಿಕೋನ, ಡ್ರೈವ್. ಇದಕ್ಕೂ ಚರಿತ್ರೆ ಇದೆಯಾ ಅಂತ ಕೇಳಬೇಡಿ. ಇದೆ. ನನ್ನದೂ ಅದರಲ್ಲಿ ಒಂದು ಸಣ್ಣ ಪಾಲಿದೆ, ಅದೂ ನಷ್ಟದ ಪಾಲು.

ಒಂದು ಲಿಂಕ್‌ನಿಂದ ಶುರು ಮಾಡ್ತೀನಿ. 2020ರ ಏಪ್ರಿಲ್‌ನಲ್ಲಿ ನಾನು 41 ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿಗೆ ಕಳಿಸಿದ ಲಿಂಕ್ ಅದು. ಇವತ್ತಿಗೂ ನನ್ನ ಫೋನಿನಲ್ಲಿದೆ. ಒತ್ತಿದರೆ ಬಿಳಿ ಪರದೆ ಬರುತ್ತೆ, ಅದರ ಮೇಲೆ ಒಂದು ಸಾಲು: ಕ್ಷಮಿಸಿ, ನೀವು ಕೇಳಿದ ಫೈಲ್ ಅಸ್ತಿತ್ವದಲ್ಲಿಲ್ಲ.

ಆಗ ನಾನು ಗದಗದ ಕಡೆಯ ಒಂದು ತಾಲ್ಲೂಕಿನ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಅತಿಥಿ ಅಂದ್ರೆ ಗೊತ್ತಲ್ಲ, ವರ್ಷ ವರ್ಷ ಹೊಸದಾಗಿ ಕರೀಬೇಕು, ಕರೆಯದಿದ್ದರೆ ಮನೆಗೆ. ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯ್ತು. ಮಕ್ಕಳೆಲ್ಲ ಊರಿಗೆ ಹೋದರು. ಜೂಮ್‌ನಲ್ಲಿ ಪಾಠ ಮಾಡೋಕೆ ಹೋದರೆ ಅರ್ಧ ಜನಕ್ಕೆ ನೆಟ್‌ವರ್ಕ್ ಇಲ್ಲ, ಇನ್ನರ್ಧ ಜನಕ್ಕೆ ಫೋನ್ ಅಣ್ಣನದು ಅಥವಾ ಅಪ್ಪನದು, ಅವರು ಹೊಲದಿಂದ ಬಂದ ಮೇಲೇ ಕೈಗೆ ಸಿಗೋದು. ಹಾಗಾಗಿ ಒಂದು ಉಪಾಯ ಮಾಡಿದೆ. ಎಲ್ಲರೂ ಮನೆಯಲ್ಲೇ ಇದ್ದೀರಿ, ಅಜ್ಜ ಅಜ್ಜಿಯೂ ಮನೆಯಲ್ಲೇ ಇದ್ದಾರೆ. ಅವರನ್ನು ಕೂರಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿ: ಹಿಂದೆ ಪ್ಲೇಗು ಬಂದಾಗ ನಮ್ಮೂರಲ್ಲಿ ಏನಾಯ್ತು ಅಂತ ನಿಮಗೆ ಯಾರು, ಏನು ಹೇಳಿದ್ದರು? ಅವರು ಹೇಳಿದ್ದನ್ನು ಹೇಳಿದ ಮಾತಲ್ಲೇ ಬರೆಯಿರಿ. ಎಲ್ಲರೂ ಒಂದೇ ಹಾಳೆಯಲ್ಲಿ.

ಪ್ಲೇಗು ಯಾಕೆ ಅಂದ್ರೆ, ನಮ್ಮ ಭಾಗಕ್ಕೆ ಅದು ಪುಸ್ತಕದ ವಿಷಯವಲ್ಲ. 1896ರಲ್ಲಿ ಮುಂಬೈಯಲ್ಲಿ ಶುರುವಾದದ್ದು ರೈಲು ಹಿಡಿದು ಒಳನಾಡಿಗೆ ಬಂತು. ಹುಬ್ಬಳ್ಳಿ ತತ್ತರಿಸಿತು. 1898ರ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದರ ಹಿಂದೆ ಆ ಪ್ಲೇಗಿನ ಭಯ ಇದೆ. ಊರ ಸಂದಿಗೊಂದಿಗಳಲ್ಲಿ ನೆಟ್ಟ ಪ್ಲೇಗ್ ಮಾರಮ್ಮನ ಗುಡಿಗಳು ಈಗಲೂ ಪೂಜೆಯಲ್ಲಿವೆ. ಇದೆಲ್ಲ ದೊಡ್ಡೂರಿನ ಚರಿತ್ರೆ. ಸಣ್ಣ ಹಳ್ಳಿಗಳದು ಯಾರು ಬರೆದರು? ಇಲಿ ಬಿದ್ದ ಕೂಡಲೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಕೂತ ಜನರ ಮಾತು ಬಾಯಿಂದ ಬಾಯಿಗೆ ಬಂದದ್ದೇ ಹೊರತು ಕಾಗದಕ್ಕೆ ಇಳಿದದ್ದು ಕಡಿಮೆ. 2020ರಲ್ಲಿ ಅದನ್ನು ನೇರವಾಗಿ ತಮ್ಮ ತಾಯಂದಿರಿಂದ ಕೇಳಿದ್ದ ಕೊನೆಯ ತಲೆಮಾರು ಇನ್ನೂ ಇತ್ತು. ಎಂಬತ್ತು, ಎಂಬತ್ತೈದು, ತೊಂಬತ್ತರ ಆಯಿಗಳು.

ಕೆಲಸ ಶುರುವಾಯ್ತು. ಗೂಗಲ್ 2017ರಲ್ಲಿ ಕನ್ನಡಕ್ಕೂ ವಾಯ್ಸ್ ಟೈಪಿಂಗ್ ತಂದಿತ್ತು. ಹುಡುಗರು ಟೈಪ್ ಮಾಡೋ ಬದಲು ಫೋನನ್ನೇ ಅಜ್ಜಿಯ ಬಾಯಿ ಮುಂದೆ ಹಿಡಿದರು. ನಮ್ಮ ಕಡೆಯ ಮಾತು ಆ ಯಂತ್ರಕ್ಕೆ ಪಾಪ ಎಲ್ಲಿಂದ ಅರ್ಥ ಆಗಬೇಕು! ಅಜ್ಜಿ "ಪ್ಲೇಗು ಬಂತು" ಅಂದರೆ ಅದು "ಬೇಗ ಬಂತು" ಅಂತ ಬರೀತು. ಒಂದು ಪುಟ ಪೂರ್ತಿ ಬೇಗ ಬಂತು, ಬೇಗ ಹೋಯ್ತು. ಇನ್ನು ಲಿಂಕ್ ತೆರೆದವರೆಲ್ಲ ಲಾಗಿನ್ ಆಗಿರಲಿಲ್ಲವಾದ್ದರಿಂದ ಪರದೆಯ ಮೇಲೆ ಅವರ ಹೆಸರಿನ ಬದಲು ಪ್ರಾಣಿಗಳ ಚಿತ್ರ. ಅನಾಮಿಕ ಕಪಿಬಾರಾ, ಅನಾಮಿಕ ನರಿ. ಒಬ್ಬ ಹುಡುಗ ರಾತ್ರಿ ಹತ್ತಕ್ಕೆ ಫೋನ್ ಮಾಡಿದ: "ಮೇಡಂ, ಯಾವುದೋ ಪ್ರಾಣಿ ನನ್ನ ಪ್ಯಾರಾ ತಿನ್ನಾಕತ್ತೈತ್ರೀ!" ನೋಡಿದರೆ ನಿಜವೇ. ಇನ್ಯಾರೋ ತಮ್ಮ ಪ್ಯಾರಾ ಅಂತ ತಿಳಿದು ಅವನದ್ದನ್ನು ಅಳಿಸ್ತಾ ಇದ್ದರು. ಹಳೆಯ ಆವೃತ್ತಿಗೆ ಹೋಗಿ ವಾಪಸ್ ತಂದೆ. ಇತಿಹಾಸ ಓದಿದವರಿಗೆ ಆ ಸೌಲಭ್ಯ ಕಂಡರೆ ಆಗೋ ಖುಷಿ ಬೇರೆಯವರಿಗೆ ಹೇಳಿದರೆ ತಿಳಿಯಲ್ಲ. ಓಲೆಗರಿ ಓದುವವರು ಯಾವ ಪ್ರತಿಯಲ್ಲಿ ಯಾವ ಪಾಠಾಂತರ ಇದೆ ಅಂತ ವರ್ಷಗಟ್ಟಲೆ ಕೂತು ಹೋಲಿಸ್ತಾರೆ. ಇಲ್ಲಿ ಒಂದು ಅಕ್ಷರ ಯಾವ ನಿಮಿಷ ಬಂತು, ಯಾವ ನಿಮಿಷ ಹೋಯ್ತು, ಎಲ್ಲ ಇದೆ.

ಸರಿ, ಈ ಹಾಳೆ ಎಲ್ಲಿಂದ ಬಂತು?

ಇಬ್ಬರು ಬೇರೆ ಬೇರೆ ಜಾಗದಲ್ಲಿ ಕೂತು ಒಂದೇ ಪರದೆಯ ಮೇಲೆ ಕೆಲಸ ಮಾಡಬಹುದು ಅನ್ನೋದನ್ನು ಜಗತ್ತಿಗೆ ತೋರಿಸಿದ್ದು 1968ರ ಡಿಸೆಂಬರ್ 9ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಡಗ್ಲಸ್ ಎಂಗೆಲ್‌ಬಾರ್ಟ್ ಅನ್ನೋ ವಿಜ್ಞಾನಿ ಸುಮಾರು ಒಂದೂವರೆ ಗಂಟೆ ವೇದಿಕೆ ಮೇಲೆ ಕೂತು, ಮೈಲುಗಟ್ಟಲೆ ದೂರದ ಮೆನ್ಲೊ ಪಾರ್ಕ್‌ನಲ್ಲಿದ್ದ ಸಹೋದ್ಯೋಗಿಯ ಜೊತೆ ಒಂದೇ ಬರಹವನ್ನು ನೋಡುತ್ತಾ ಮಾತಾಡಿದ. ನೀವು ಬಳಸುವ ಮೌಸ್ ಸಾರ್ವಜನಿಕವಾಗಿ ಮೊದಲು ಕಾಣಿಸಿಕೊಂಡದ್ದೂ ಆ ದಿನವೇ. ಆದರೆ ತೋರಿಸೋದು ಬೇರೆ, ಎಲ್ಲರ ಕೈಗೆ ಕೊಡೋದು ಬೇರೆ. ಅದಕ್ಕೆ ಇನ್ನೂ ಸುಮಾರು 40 ವರ್ಷ ಬೇಕಾಯ್ತು.

ತೊಡಕು ಎಲ್ಲಿತ್ತು ಅಂದ್ರೆ, ಒಂದು ಸಾಲಿಗೆ ಇಬ್ಬರು ಒಟ್ಟಿಗೆ ಕೈ ಹಾಕಿದಾಗ. ಹಾಳೆಯಲ್ಲಿ "ಇಲಿ ಬಿತ್ತು" ಅಂತ ಎರಡು ಪದ ಇದೆ ಅಂತಿಟ್ಕೊಳ್ಳಿ. ನೀವು ಮುಂದೆ "ಮೊದಲು" ಅಂತ ಸೇರಿಸ್ತೀರಿ. ಅದೇ ಕ್ಷಣದಲ್ಲಿ ನಿಮ್ಮ ಗೆಳತಿ "ಎರಡನೇ ಪದ ತೆಗೆ" ಅಂತಾಳೆ. ಅವಳ ಲೆಕ್ಕದಲ್ಲಿ ಎರಡನೇ ಪದ "ಬಿತ್ತು". ಆದರೆ ನಿಮ್ಮ ಪದ ಸೇರಿದ ಮೇಲೆ ಎರಡನೆಯದು "ಇಲಿ". ಕಂಪ್ಯೂಟರ್ ಹೇಳಿದಷ್ಟೇ ಕೇಳಿದರೆ ಇಲಿ ಮಾಯ, ಬಿದ್ದದ್ದು ಮಾತ್ರ ಉಳಿಯುತ್ತೆ! ಹಾಗಾಗಿ ಒಬ್ಬರ ಆಜ್ಞೆಯನ್ನು ಇನ್ನೊಬ್ಬರು ಮಾಡಿದ ಬದಲಾವಣೆಗೆ ತಕ್ಕಂತೆ ತಿದ್ದಿ, "ಎರಡನೆಯದು" ಅನ್ನೋದನ್ನು "ಮೂರನೆಯದು" ಮಾಡಿ ನಡೆಸಬೇಕು. ಈ ವಿಧಾನವನ್ನು ಎಲ್ಲಿಸ್ ಮತ್ತು ಗಿಬ್ಸ್ ಅನ್ನೋ ಸಂಶೋಧಕರು 1989ರಲ್ಲಿ ಬರೆದಿಟ್ಟರು. ನಮ್ಮ ಹುಡುಗನ ಪ್ಯಾರಾ "ತಿಂದ" ಪ್ರಾಣಿಯನ್ನು ಸಾಕಿದ್ದು ಒಂದರ್ಥದಲ್ಲಿ ಇವರೇ.

ಇನ್ನು ಜಾಗದ ವಿಷಯ. 2004ರಲ್ಲಿ ಹಾಟ್‌ಮೇಲ್ ಪುಕ್ಕಟೆಯಾಗಿ ಕೊಡ್ತಿದ್ದದ್ದು 2 ಎಂಬಿ, ಯಾಹೂ 4 ಎಂಬಿ. ಇವತ್ತಿನ ಒಂದು ಫೋಟೊ ಕೂಡ ಹಿಡಿಯಲ್ಲ. ಆ ವರ್ಷ ಏಪ್ರಿಲ್ 1ಕ್ಕೆ ಗೂಗಲ್ "1 ಜಿಬಿ ಕೊಡ್ತೀವಿ" ಅಂದಾಗ ತುಂಬಾ ಜನ ಏಪ್ರಿಲ್ ಫೂಲ್ ಅಂದ್ಕೊಂಡರು. ಜಿಮೇಲ್ ಹುಟ್ಟಿದ್ದು ಹಾಗೆ. ನಾನು ಎಂಎ ಮಾಡುವಾಗ ಜಿಮೇಲ್ ಖಾತೆ ಅಂದರೆ ನಮಗೆಲ್ಲ ಗೋಡೌನ್ ಇದ್ದ ಹಾಗೆ. ನಮಗೆ ನಾವೇ ಮೇಲ್ ಕಳಿಸಿಕೊಳ್ತಿದ್ದೆವು: "ಪ್ರಬಂಧ ಕೊನೇದು", "ಪ್ರಬಂಧ ಕೊನೇದು 2", "ನಿಜವಾಗ್ಲೂ ಕೊನೇದು".

ಮುಂದಿನ ವರ್ಷ, 2005ರಲ್ಲಿ, ರೈಟ್ಲಿ ಅಂತ ಒಂದು ಸಣ್ಣ ಸೈಟ್ ಬಂತು. ಸ್ಯಾಮ್ ಶಿಲೇಸ್, ಸ್ಟೀವ್ ನ್ಯೂಮನ್, ಕ್ಲಾಡಿಯಾ ಕಾರ್ಪೆಂಟರ್, ಮೂರೇ ಜನ. ಬ್ರೌಸರಿನ ಒಳಗೇ ಟೈಪ್ ಮಾಡಬಹುದು, ಬೇರೆಯವರನ್ನೂ ಕರೆದು ಕೂರಿಸಬಹುದು. ಅದೇ ವರ್ಷ ನಮ್ಮ ಪಕ್ಕದ ಚೆನ್ನೈಯ ಕಂಪನಿಯೊಂದು ಜೋಹೊ ರೈಟರ್ ಅಂತ ಅದೇ ಥರದ್ದನ್ನು ತಂದಿತ್ತು ಅನ್ನೋದು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. 2006ರ ಮಾರ್ಚ್‌ನಲ್ಲಿ ಗೂಗಲ್ ರೈಟ್ಲಿಯನ್ನು ಕೊಂಡುಕೊಂಡಿತು. ಅದೇ ಮಾರ್ಚ್‌ನಲ್ಲಿ ಅಮೆಜಾನ್ ತನ್ನ ಎಸ್3 ಅನ್ನೋ ಶೇಖರಣಾ ಸೇವೆಯನ್ನು ಬಾಡಿಗೆಗೆ ಬಿಟ್ಟಿತು. ಒಂದೇ ತಿಂಗಳಲ್ಲಿ ಹಾಳೆಗೂ ದಾರಿಯಾಯ್ತು, ಗೋಡೌನಿಗೂ ದಾರಿಯಾಯ್ತು. ಡ್ರಾಪ್‌ಬಾಕ್ಸ್ ಬೆಳೆದದ್ದು ಆ ಬಾಡಿಗೆ ಗೋಡೌನಿನ ಮೇಲೆ. ಅದರ ಸ್ಥಾಪಕ ಡ್ರೂ ಹೂಸ್ಟನ್ ಬಾಸ್ಟನ್‌ನಿಂದ ನ್ಯೂಯಾರ್ಕ್‌ಗೆ ಬಸ್ ಹತ್ತಿದ ಮೇಲೆ ಪೆನ್‌ಡ್ರೈವ್ ಮರೆತು ಬಂದದ್ದು ನೆನಪಾಗಿ, ಆ ಸಿಟ್ಟಿನಲ್ಲಿ ಅಲ್ಲೇ ಕೋಡ್ ಬರೆಯೋಕೆ ಶುರು ಮಾಡಿದ ಅಂತ ಆತನೇ ಹೇಳಿಕೊಂಡಿದ್ದಾನೆ. ಪೆನ್‌ಡ್ರೈವ್ ಮರೆತ ನಮ್ಮಂಥವರು ಅತ್ತುಕೊಂಡು ಊರು ಸೇರಿದೆವು.

ಅದೇ 2006ರ ಅಕ್ಟೋಬರ್‌ನಲ್ಲಿ ಗೂಗಲ್ ಶಿಕ್ಷಣ ಸಂಸ್ಥೆಗಳಿಗೆ ಅಂತಲೇ ಈ ಎಲ್ಲವನ್ನೂ ಕಟ್ಟಿ ಪುಕ್ಕಟೆ ಕೊಡೋಕೆ ಶುರು ಮಾಡಿತು. ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿ ಮೊದಲ ದೊಡ್ಡ ಗಿರಾಕಿ. ಸಂಸ್ಥೆಯ ಹೆಸರಿನಲ್ಲೇ ಇಮೇಲ್, ಸರ್ವರ್ ರೂಮಿಗೆ ಏಸಿ ಬೇಡ, ಅದನ್ನು ನೋಡಿಕೊಳ್ಳೋ ಎಂಜಿನಿಯರ್ ಬೇಡ. ಯಾವ ಕಾಲೇಜು ಬೇಡ ಅನ್ನುತ್ತೆ? 2010ರಲ್ಲಿ ಡಾಕ್ಸ್ ಹೊಸ ರೂಪಕ್ಕೆ ಬಂತು, ಎದುರಿನವರು ಒತ್ತೋ ಒಂದೊಂದು ಅಕ್ಷರವೂ ಕಾಣೋ ಹಾಗಾಯ್ತು. 2012ರ ಏಪ್ರಿಲ್‌ನಲ್ಲಿ ಡ್ರೈವ್, 5 ಜಿಬಿ. 2014ರ ಆಗಸ್ಟ್‌ನಲ್ಲಿ ಕ್ಲಾಸ್‌ರೂಮ್. ಅದರ ಮರುತಿಂಗಳು ಗೂಗಲ್ ಹೇಳಿದ ಮಾತು ಶಿಕ್ಷಣ ಸಂಸ್ಥೆಗಳ ತಲೆ ತಿರುಗಿಸಿತು: ನಿಮಗೆ ಜಾಗಕ್ಕೆ ಮಿತಿಯೇ ಇಲ್ಲ. ಅನ್‌ಲಿಮಿಟೆಡ್.

ಈ ಪದವನ್ನು ಹಾಗೇ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ. ಅದಕ್ಕೆ ಮೊದಲು ಕನ್ನಡದ ಮಾತು ಹೇಳಲೇಬೇಕು. ಯಾಕಂದ್ರೆ ಅಮೆರಿಕದ ಹುಡುಗರು ಡಾಕ್ಸ್‌ನಲ್ಲಿ ಪ್ರಬಂಧ ಬರೀತಿದ್ದಾಗ ನಾವು ಇನ್ನೊಂದು ಬವಣೆಯಲ್ಲಿದ್ದೆವು.

ನನ್ನ ಎಂಎ ಕಿರುಪ್ರಬಂಧ ಧಾರವಾಡದ ಡಿಟಿಪಿ ಅಂಗಡಿಯಲ್ಲಿ ನುಡಿಯಲ್ಲಿ ಟೈಪ್ ಆದದ್ದು. ಪುಟಕ್ಕೆ ಇಷ್ಟು ಅಂತ ದುಡ್ಡು. ಅದನ್ನು ಸಿಡಿಗೆ ಹಾಕಿಸಿಕೊಂಡು ಬಂದು, ಕೆಲವು ವರ್ಷ ಆದಮೇಲೆ ಡಾಕ್ಸ್‌ಗೆ ಏರಿಸಿ ತೆರೆದೆ. ನನ್ನ ಕನ್ನಡ ಎಲ್ಲಿ? ತಲೆ ಮೇಲೆ ಕೊಂಬು, ಕೆಳಗೆ ಬಾಲ ಇರುವ ರೋಮನ್ ಅಕ್ಷರಗಳ ಸಂತೆ. ಪುಟ ಪುಟ ಅದೇ. ಏನಾಗಿತ್ತು ಅಂದ್ರೆ, ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕಂಪ್ಯೂಟರಿಗೆ ಹೋಗೋದು ಇಂಗ್ಲಿಷ್ ಅಕ್ಷರದ ಸಂಖ್ಯೆಯೇ, ಫಾಂಟು ಮಾತ್ರ ಅದಕ್ಕೆ ಕನ್ನಡದ ಅಂಗಿ ತೊಡಿಸುತ್ತಿತ್ತು. ಆ ಫಾಂಟು ಇಲ್ಲದ ಕಡೆ ಹೋದರೆ ಅಂಗಿ ಕಳಚಿತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಜಾಗ ಸಿಕ್ಕಿತ್ತು, ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಫಾಂಟೂ ಬಂದಿತ್ತು. ಆದರೆ ಕಚೇರಿ, ಪ್ರೆಸ್ಸು, ಡಿಟಿಪಿ ಅಂಗಡಿ ಎಲ್ಲ ಹಳೆಯ ದಾರಿಯಲ್ಲೇ ಬಹಳ ಕಾಲ ನಡೆದವು. ನಿಮ್ಮ ಮೇಷ್ಟ್ರು ಇವತ್ತಿಗೂ ನೋಟ್ಸನ್ನು ಪಿಡಿಎಫ್ ಮಾಡಿಯೇ ಯಾಕೆ ಕಳಿಸ್ತಾರೆ, ಡಾಕ್ಸ್‌ಗೆ ಯಾಕೆ ಹಾಕಲ್ಲ ಅಂತ ಕೇಳಿ ನೋಡಿ. ಅದರಲ್ಲಿ ಅರ್ಧ ಕಾರಣ ಇದೇ ಇರುತ್ತೆ.

ಇನ್ನೊಂದು ದಾರಿಯೂ ಇತ್ತು. ಇಂಗ್ಲಿಷಿನಲ್ಲಿ "ಫ್ರೀ" ಅನ್ನೋ ಒಂದೇ ಪದಕ್ಕೆ ಎರಡು ಅರ್ಥ, ಅದರಿಂದ ಅವರಿಗೆ ದಶಕಗಟ್ಟಲೆ ಗೊಂದಲ. ನಮಗೆ ಆ ಕಷ್ಟ ಇಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯದ ಡಿಎಸ್‌ಇಆರ್‌ಟಿ ಜೊತೆ ಸೇರಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ 2010ರ ದಶಕದ ಆರಂಭದಲ್ಲಿ ವಿಷಯ ಶಿಕ್ಷಕರ ವೇದಿಕೆ ಅಂತ ಕಟ್ಟಿತು. ಶಿಕ್ಷಕರು ಉಬುಂಟು ಕಲಿತರು, ಜಿಯೋಜೀಬ್ರಾದಲ್ಲಿ ಗಣಿತ ಮಾಡಿ ತೋರಿಸಿದರು, ತಾವು ಮಾಡಿದ ಪಾಠಗಳನ್ನು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅನ್ನೋ ವಿಕಿಯಲ್ಲಿ ಹಾಕಿದರು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಆದರೆ ಅದೇ ಶಿಕ್ಷಕರು ಪರಸ್ಪರ ಮಾತಾಡಲು ಬಳಸಿದ್ದು ಗೂಗಲ್ ಗ್ರೂಪ್ಸ್! ಇದನ್ನು ಆಡಿಕೊಳ್ಳೋಕೆ ಹೇಳ್ತಿಲ್ಲ. ಕೈಗೆ ಸಿಕ್ಕಿದ್ದು, ದುಡ್ಡು ಕೇಳದಿದ್ದದ್ದು, ಬಳಸಿದರು. ನಾನೂ ಬಳಸಿದೆ. ಜಿಯೋ ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಮುಂದೆ ಹಳ್ಳಿ ಶಾಲೆಯಲ್ಲೂ ಗೂಗಲ್ ಫಾರ್ಮ್ ಅಂದರೆ ಹೊಸ ಮಾತೇನಲ್ಲ. ಶಿಕ್ಷಕರಿಗಂತೂ ಅದು ದಿನಾ ಬೆಳಗಿನ ಸುಪ್ರಭಾತ: "ಲಿಂಕ್ ಕಳಿಸಿದೆ, ಸಂಜೆಯೊಳಗೆ ತುಂಬಿ."

ಪುಕ್ಕಟೆ ಯಾಕೆ ಕೊಡ್ತಾರೆ ಅನ್ನೋ ಪ್ರಶ್ನೆ ಕೇಳಿದವರು ಇದ್ದರು. ಅಮೆರಿಕದಲ್ಲಿ ವಿದ್ಯಾರ್ಥಿಗಳ ಮೇಲ್ ಅನ್ನು ಜಾಹೀರಾತಿನ ಸಲುವಾಗಿ ಯಂತ್ರ ಓದುತ್ತೆ ಅಂತ ಮೊಕದ್ದಮೆ ಆದ ಮೇಲೆ, 2014ರ ಏಪ್ರಿಲ್‌ನಲ್ಲಿ ಗೂಗಲ್ ಶಿಕ್ಷಣ ಖಾತೆಗಳಲ್ಲಿ ಅದನ್ನು ನಿಲ್ಲಿಸಿದ್ದಾಗಿ ಹೇಳಿತು. ಡೆನ್ಮಾರ್ಕ್‌ನದ್ದು ಇನ್ನೂ ಸ್ವಾರಸ್ಯ. ಹೆಲ್ಸಿಂಗೋರ್ ಅನ್ನೋ ಊರಿನಲ್ಲಿ ಶಾಲೆ ಕೊಟ್ಟ ಖಾತೆಯಿಂದ ಒಂದು ಮಗುವಿನ ಹೆಸರು ಯೂಟ್ಯೂಬ್‌ನಲ್ಲಿ ಎಲ್ಲರಿಗೂ ಕಾಣೋ ಹಾಗಾಯ್ತು. ಮಗುವಿನ ಅಪ್ಪ ದೂರು ಕೊಟ್ಟ. ಅದು ಬೆಳೆದು ಬೆಳೆದು, 2022ರ ಜುಲೈನಲ್ಲಿ ಆ ದೇಶದ ದತ್ತಾಂಶ ರಕ್ಷಣಾ ಪ್ರಾಧಿಕಾರ ಆ ಊರಿನ ಶಾಲೆಗಳಲ್ಲಿ ಗೂಗಲ್‌ನ ಕ್ರೋಮ್‌ಬುಕ್, ಡಾಕ್ಸ್ ಎಲ್ಲದರ ಬಳಕೆಗೇ ತಡೆ ಹಾಕಿತು. ಶಾಲೆ ಶುರುವಾಗೋ ಹೊತ್ತಿಗೆ ಕೈಯಲ್ಲಿ ಏನೂ ಇಲ್ಲ. ಬದಲಿ ವ್ಯವಸ್ಥೆಯೇ ಇಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು. ಕೆಲವೇ ವಾರಗಳಲ್ಲಿ ತಡೆಯನ್ನು ತಾತ್ಕಾಲಿಕವಾಗಿ ಸಡಿಲಿಸಬೇಕಾಯ್ತು. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇರೋದು ಆ ಸಡಿಲಿಕೆಯಲ್ಲಿ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಅಂತಲೇ ಪರಿಗಣಿಸುತ್ತೆ. ಅದನ್ನು ತರಗತಿಯಲ್ಲಿ ಹೇಗೆ ನಡೆಸ್ತಾರೆ ಅನ್ನೋದಕ್ಕೆ ಬೇರೆಯೇ ಸಂಚಿಕೆ ಬೇಕು.

ಈಗ ಅನ್‌ಲಿಮಿಟೆಡ್‌ಗೆ ಬರೋಣ.

ಕೋವಿಡ್ ಕಾಲದಲ್ಲಿ ಎಲ್ಲ ಪಾಠವೂ ವಿಡಿಯೊ ಆಯ್ತು, ಎಲ್ಲ ವಿಡಿಯೊವೂ ಡ್ರೈವ್‌ಗೆ ಹೋಯ್ತು. 2021ರ ಫೆಬ್ರವರಿಯಲ್ಲಿ ಗೂಗಲ್ ಪ್ರಕಟಿಸಿತು: ಇನ್ನು ಮಿತಿ ಇದೆ. ಒಂದು ಸಂಸ್ಥೆಗೆ ಒಟ್ಟು 100 ಟಿಬಿ, ಹಳೆಯ ಸಂಸ್ಥೆಗಳಿಗೆ 2022ರ ಜುಲೈಯಿಂದ. 100 ಟಿಬಿ ಅಂದ್ರೆ ಕಡಿಮೆಯೇನಲ್ಲ, ಸಣ್ಣ ಕಾಲೇಜಿಗೆ ಅದು ಸಮುದ್ರ. ಆದರೆ ಮಿತಿ ಇಲ್ಲ ಅಂತ ನಂಬಿಕೊಂಡು ಎಂಟು ವರ್ಷ ತುಂಬಿಸಿದವರು ಈಗ ಎಣಿಸೋಕೆ ಕೂತರು. ದೇಶ ವಿದೇಶದ ಎಷ್ಟೋ ವಿಶ್ವವಿದ್ಯಾಲಯಗಳು ಹಳೆಯ ವಿದ್ಯಾರ್ಥಿಗಳಿಗೆ "ನಿಮ್ಮ ಸಾಮಾನು ತೆಗೆದುಕೊಳ್ಳಿ" ಅಂತ ಮೇಲ್ ಕಳಿಸಿದವು. ಯಾರು ಇದ್ದಾರೆ, ಯಾರು ಬಿಟ್ಟು ಹೋಗಿದ್ದಾರೆ ಅಂತ ಪಟ್ಟಿ ಹಿಡಿದು ಖಾತೆ ಮುಚ್ಚುವ ಕೆಲಸ ಶುರುವಾಯ್ತು.

ನನ್ನ ಖಾತೆ ಮುಚ್ಚಿದ್ದು ಇದರಿಂದಲೋ, ಅಲ್ಲ ಸುಮ್ಮನೆ ವರ್ಷದ ಗುಡಿಸೋ ಕೆಲಸದಲ್ಲೋ, ಯಾರೂ ಹೇಳಲಿಲ್ಲ. 2022ರಲ್ಲಿ ನನ್ನನ್ನು ಮತ್ತೆ ಕರೆಯಲಿಲ್ಲ, ಅಷ್ಟೇ. ಹೆರಿಗೆ, ಮಗು, ಮನೆ ಬದಲಾವಣೆ, ಆ ಗಡಿಬಿಡಿಯಲ್ಲಿ ಕಾಲೇಜಿನ ಮೇಲ್ ನೋಡೋದೇ ಬಿಟ್ಟಿದ್ದೆ. ಒಂದು ದಿನ ಪಾಸ್‌ವರ್ಡ್ ಹಾಕಿದರೆ ಇಂಥ ಖಾತೆ ಇಲ್ಲ ಅಂತು. ಗಾಬರಿಯಿಂದ ಹಾಳೆಯ ಲಿಂಕ್ ಒತ್ತಿದೆ. ಬಿಳಿ ಪರದೆ.

ಇಲ್ಲಿ ನಾನು ತಿಳಿಯದೇ ಇದ್ದ ಒಂದು ಸಂಗತಿ ಇದೆ. ಇದನ್ನು ನೀವು ಇವತ್ತೇ ತಿಳ್ಕೊಳ್ಳಿ. ಡಾಕ್ಸ್‌ನಲ್ಲಿ ಹಾಳೆ ನೂರು ಜನ ಬರೆದರೂ ಮಾಲೀಕರು ಒಬ್ಬರೇ. ಆ ಖಾತೆ ಕಾಲೇಜಿನದಾದರೆ, ಖಾತೆಯನ್ನು ಅಳಿಸುವಾಗ ಅಡ್ಮಿನ್ ಫೈಲುಗಳನ್ನು ಬೇರೆಯವರ ಹೆಸರಿಗೆ ಮಾಡದಿದ್ದರೆ, ಹಾಳೆಯೂ ಹೋಗುತ್ತೆ. ಬರೆದ 41 ಜನಕ್ಕೂ ಒಟ್ಟಿಗೇ ಹೋಗುತ್ತೆ. ಅಳಿಸಿದ ಖಾತೆಯನ್ನು ವಾಪಸ್ ತರೋಕೆ ಅಡ್ಮಿನ್‌ಗೆ ಇರೋದು 20 ದಿನ. ನಾನು ಫೋನ್ ಮಾಡಿದ್ದು ಹಲವು ತಿಂಗಳ ಮೇಲೆ. ಆ ಕಡೆಯವರು ಒಳ್ಳೆಯವರೇ, ಪಾಪ, "ಮೇಡಂ, ನಮಗೆ ಇಷ್ಟೆಲ್ಲ ಗೊತ್ತಿರಲಿಲ್ಲ" ಅಂದರು. ನನಗೂ ಗೊತ್ತಿರಲಿಲ್ಲ ಅನ್ನೋದು ಹೆಚ್ಚು ನಾಚಿಕೆಯ ವಿಷಯ. ಗೂಗಲ್ 2011ರಿಂದಲೇ ಟೇಕ್‌ಔಟ್ ಅನ್ನೋ ಸೌಲಭ್ಯ ಇಟ್ಟಿದೆ, ನಿಮ್ಮದನ್ನೆಲ್ಲ ಗಂಟು ಕಟ್ಟಿ ಒಯ್ಯೋಕೆ. ಇತಿಹಾಸದ ಮೇಡಂ, ದಾಖಲೆ ಕಾಪಾಡಿ ಅಂತ ಪಾಠ ಹೇಳೋರು, ಒಂದು ಪ್ರತಿ ತೆಗೆದಿರಲಿಲ್ಲ.

ನಷ್ಟ ಎಷ್ಟು ಅಂತ ನಿಧಾನವಾಗಿ ಗೊತ್ತಾಯ್ತು. ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಅಂದಿನ ರೆಕಾರ್ಡಿಂಗ್ ಇದೆಯಾ? ಫೋನ್ ಒಡೆದಿತ್ತು, ಮಾರಿದ್ದರು, ಮೆಮೊರಿ ತುಂಬಿತು ಅಂತ ಅಳಿಸಿದ್ದರು. ಅಜ್ಜಿ ಇದ್ದಾರಾ? 2021ರ ಏಪ್ರಿಲ್, ಮೇ ತಿಂಗಳು ಹೇಗಿತ್ತು ಅಂತ ನಿಮಗೂ ನೆನಪಿರಬೇಕು. ಆ ಪ್ರಶ್ನೆಯನ್ನು ಎಂಟ್ಹತ್ತು ಮನೆಗೆ ಕೇಳಿದ ಮೇಲೆ ನಾನು ಮೊದಲು ಆ ಪ್ರಶ್ನೆ ಕೇಳೋದನ್ನೇ ನಿಲ್ಲಿಸಿದೆ. "ಮನೆಯಲ್ಲಿ ಎಲ್ಲ ಹೇಗಿದ್ದೀರಿ" ಅಂತ ಶುರು ಮಾಡಿ, ಅವರೇ ಹೇಳೋವರೆಗೆ ಕಾಯ್ತಿದ್ದೆ.

ಆ ಹಾಳೆಯಲ್ಲಿ ಇದ್ದದ್ದರಲ್ಲಿ ನನಗೆ ನೆನಪಿರೋದು ಕೆಲವು. ಇಲಿ ಬಿದ್ದ ಮನೆಯ ಬಾಗಿಲು ತೆಗೆದಿಟ್ಟು ಹೋದರು, ಕಳ್ಳರೂ ಒಳಗೆ ಕಾಲಿಡಲಿಲ್ಲ ಅಂತ ಒಬ್ಬರು. ಹೊಲದ ಗುಡಿಸಲಿನಲ್ಲೇ ಹುಟ್ಟಿದ ಮಗುವಿಗೆ ಗುಡಿಸಲಪ್ಪ ಅಂತ ಕರೀತಿದ್ದರು, ಆಮೇಲೆ ಅದೇ ಹೆಸರು ನಿಂತಿತು ಅಂತ ಇನ್ನೊಬ್ಬರು. ಇದನ್ನು ಹೇಳಿದವರು ಯಾರು, ಯಾವ ಊರು? ಆ ಹಾಳೆಯಲ್ಲಿತ್ತು. ನನ್ನ ತಲೆಯಲ್ಲಿ ಇಲ್ಲ. ಊರು ಹೆಸರಿಲ್ಲದ ಮಾತನ್ನು ಇತಿಹಾಸದವರು ಏನು ಮಾಡೋಕಾಗುತ್ತೆ? ಸಂಜೆ ಹೊತ್ತು ಕಥೆಯಂತೆ ಹೇಳಬಹುದು, ಅಷ್ಟೇ.

ವಿಜಯಪುರದ ಫ.ಗು. ಹಳಕಟ್ಟಿಯವರು ವಚನಗಳ ಓಲೆಗರಿ ಹುಡುಕಿಕೊಂಡು ಮನೆ ಮನೆ ತಿರುಗಿದ್ದು, ಅಚ್ಚು ಹಾಕಿಸೋಕೆ ಸ್ವಂತ ಮನೆಯನ್ನೇ ಮಾರಿದ್ದು ನಿಮಗೆ ಗೊತ್ತಿರಬಹುದು. ಅವರಿಗೆ ಓಲೆಗರಿ ಸಿಕ್ಕಿದ್ದು ಯಾಕೆ? ಎಷ್ಟೋ ಮನೆಗಳ ಅಟ್ಟದ ಮೇಲೆ, ಜಗುಲಿ ಮೇಲೆ ಒಂದೊಂದು ಪ್ರತಿ ಕೂತಿತ್ತು. ಒಂದು ಮನೆಯ ಗರಿ ಹುಳು ತಿಂದರೆ ಇನ್ನೊಂದು ಮನೆಯದು ಇರುತ್ತಿತ್ತು. ನನ್ನ 41 ಮನೆಗಳಲ್ಲಿ ಇದ್ದದ್ದು ಪ್ರತಿ ಅಲ್ಲ, ಒಂದೇ ಪ್ರತಿಯ ಕಡೆಗೆ ತೆರೆಯುವ 41 ಕಿಟಕಿ.

ಹೋದ ವರ್ಷ ಆ ಪಟ್ಟಿಯ ಒಬ್ಬ ಹುಡುಗಿ ತಾನಾಗಿಯೇ ಫೋನ್ ಮಾಡಿದಳು. ಈಗ ಧಾರವಾಡದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದ್ತಿದ್ದಾಳೆ. ಇಡೀ ಕ್ಲಾಸಿನಲ್ಲಿ ನೆಟ್‌ವರ್ಕ್ ಅತಿ ಕೆಟ್ಟದಾಗಿದ್ದದ್ದು ಇವಳ ಊರಿನಲ್ಲಿ. ನೆನಪಿದೆಯಲ್ಲ, 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಿಂದ ಬಂದ ಒಂದು ಫೋಟೊ, ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳ್ತಿರೋ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತದ್ದು? ಮಲೆನಾಡು, ಕರಾವಳಿಯ ಕಷ್ಟ ಅಂತ ನಾವೆಲ್ಲ ನೋಡಿದೆವು. ಬಯಲು ಸೀಮೆಯಲ್ಲೂ ಅದು ಇತ್ತು. ಇವಳು ದಿನಾ ಸಂಜೆ ಊರಿನ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ಕೂತರೆ ಮಾತ್ರ ಎರಡು ಕಡ್ಡಿ ಸಿಗ್ನಲ್. ಕತ್ತಲಾದ ಮೇಲೆ ಅಲ್ಲಿರೋ ಹಾಗಿಲ್ಲ. ಹಾಗಾಗಿ ಬೇರೆಯವರು ಬರೆದದ್ದನ್ನು ಮನೆಯಲ್ಲಿ ಕೂತು ಆಯಿಗೆ ಓದಿ ಹೇಳೋಕೆ ಅಂತ, ಆಗಸ್ಟ್ 9ರಂದು ಇಡೀ ಹಾಳೆಯನ್ನು ಪಿಡಿಎಫ್ ಮಾಡಿ ಇಳಿಸಿಕೊಂಡಿದ್ದಳು. ಅಪ್ಪನ ಹಳೆಯ ಫೋನು, ಪರದೆ ಸೀಳಿದ್ದು, ಕಪಾಟಿನಲ್ಲಿ ಬಿದ್ದಿತ್ತಂತೆ. ಹಬ್ಬಕ್ಕೆ ಊರಿಗೆ ಹೋದಾಗ ಚಾರ್ಜಿಗೆ ಹಾಕಿ ನೋಡಿದ್ದಾಳೆ.

ಫೈಲ್ ಜೊತೆಗೆ ಒಂದು ವಾಯ್ಸ್ ಮೆಸೇಜ್. "ಮೇಡಂ, ಇದ್ರಾಗ ನಮ್ಮ ಆಯಿದು ಐತ್ರಿ. ಹನ್ನೊಂದನೇ ಪೇಜ್ ನೋಡ್ರಿ." ಅವಳ ಆಯಿ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ.

ಆಗಸ್ಟ್ 9ರ ಹೊತ್ತಿಗೆ ಬರೆದು ಮುಗಿಸಿದ್ದವರು 23 ಜನ. ಉಳಿದ 18 ಆಮೇಲೆ ಬಂದದ್ದು, ಅವು ಅದರಲ್ಲಿಲ್ಲ. ಗುಡಿಸಲಪ್ಪ ಇದ್ದಾನೆ, ಆರನೇ ಪುಟದಲ್ಲಿ, ಊರಿನ ಹೆಸರು ಸಮೇತ. ತೆರೆದಿಟ್ಟ ಬಾಗಿಲು ಇಲ್ಲ. "ಬೇಗ ಬಂತು" ಕೂಡ ಎರಡು ಕಡೆ ಹಾಗೇ ಉಳಿದಿದೆ, ತಿದ್ದಿಲ್ಲ, ತಿದ್ದೋದೂ ಇಲ್ಲ. ಒಟ್ಟು 62 ಪುಟ. ಮನೆ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 2 ರೂಪಾಯಿ, 124 ಆಯ್ತು. ಸ್ಪೈರಲ್ ಬೈಂಡಿಂಗ್ 40. ಮೂರು ಪ್ರತಿ ಮಾಡಿಸಿದೆ. ಒಂದು ಅವಳಿಗೆ, ಒಂದು ನನಗೆ, ಒಂದು ಅವಳೂರಿನ ಗ್ರಂಥಾಲಯಕ್ಕೆ. ಫೈಲನ್ನು ಗ್ರೂಪಿನ ಎಲ್ಲರಿಗೂ ಕಳಿಸಿ, ಲಿಂಕ್ ಅಲ್ಲ, ಫೈಲು, ಇಳಿಸಿಕೊಂಡು "ಆಯ್ತು" ಅಂತ ಹಾಕಿ ಅಂದೆ. ಇದುವರೆಗೆ 29 "ಆಯ್ತು" ಬಂದಿದೆ.

ಉಳಿದ 18 ಮನೆಗಳ ಪಟ್ಟಿ ಮಾಡಿಕೊಂಡಿದ್ದೀನಿ. ಅದರಲ್ಲಿ ಏಳು ಮನೆಗಳಲ್ಲಿ ಅಂದು ಹೇಳಿದವರು ಇನ್ನೂ ಇದ್ದಾರೆ. ಮೊದಲನೇ ಮನೆಗೆ ಮೊನ್ನೆ ಫೋನ್ ಮಾಡಿದೆ. ಮೊಮ್ಮಗ ಫೋನನ್ನು ಅಜ್ಜಿಯ ಕಿವಿಗೆ ಹಿಡಿದ. ಕಿವಿ ಸ್ವಲ್ಪ ಮಂದ, ದನಿ ಗಟ್ಟಿ.

"ಅದನ್ನ ಆಗಲೇ ನಮ್ಮ ಹುಡುಗಗ ಹೇಳೇನೆಲ್ಲ, ಮತ್ಯಾಕವ್ವಾ?"

"ಬರ್ಕೊಂಡಿದ್ದು ಕಳೆದುಹೋಯ್ತು ಆಯಿ. ನನ್ನದೇ ತಪ್ಪು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಕ್ಕರು.

"ಇಷ್ಟ್ ಓದಿದಾಕಿ ಕಳಕೊಂಡ್ಯಾ? ಐತವಾರ ಬಾ, ಮತ್ತ ಹೇಳ್ತೀನಿ. ಬಂದಾಕಿ ಊಟ ಮಾಡ್ಕೊಂಡೇ ಹೋಗಬೇಕು ನೋಡು."